ನನ್ನ ಮಾತು ಬಲಗಡೆ ಇತ್ತು

ಮೊದಲು ಬಂದದ್ದು ಹಾಲು ಸೀದ ವಾಸನೆ. ಹೋಟೆಲಿನವರ ಮಗಳಿಗೆ ಹಾಲು ಸೀದ ವಾಸನೆ ಬಂದರೆ ಡಾಕ್ಟರ ಹತ್ತಿರ ಓಡುತ್ತಾಳೆಯೇ? ಒಲೆಯ ಹತ್ತಿರ ಓಡುತ್ತಾಳೆ. ನಾನೂ ಹಾಗೇ ಮಾಡಿದೆ. ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ಸಾಲಿನ ಎದುರು, ನಮ್ಮ ಅಪ್ಪನ ಹೋಟೆಲು. ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಒಳಹೋಗುವ ಹೊತ್ತಿಗೆ ಅಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಅಂಥ ನೂಕುನುಗ್ಗಲಿನಲ್ಲಿ ಕೌಂಟರ್ ಬಿಟ್ಟು ಒಳಗೆ ಓಡಿ, "ಹಾಲು ಸೀದಿತು, ಇಳಿಸಿ ಇಳಿಸಿ" ಎಂದು ಕೂಗುತ್ತಿದ್ದೆ. ಅಡುಗೆ ಭಟ್ರು ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಿದ್ದರು. ಹಾಲು ಕೆನೆ ಕಟ್ಟಿಕೊಂಡು ತಣ್ಣಗೆ ಕೂತಿರುತ್ತಿತ್ತು. "ಮದುವೆ ಗೊತ್ತಾದ ಹುಡುಗಿಯರಿಗೆ ಹೀಗೆಲ್ಲ ಆಗ್ತದೆ" ಎಂದು ಭಟ್ರು ನಗುತ್ತಿದ್ದರು.

ಮೂರು ತಿಂಗಳು ಹೀಗೇ ಹೋಯಿತು. ವಾಸನೆ ಬರುವುದು, ಹೊಟ್ಟೆಯೊಳಗಿಂದ ಏನೋ ಎದ್ದು ಗಂಟಲಿಗೆ ಏರುವುದು, ಎದುರು ನಿಂತ ಗಿರಾಕಿಗೆ "ಚಿಲ್ಲರೆ ಇಲ್ಲ" ಎನ್ನಲು ಹೊರಟರೆ ಮಾತು ಹೊರಡದಿರುವುದು. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ಎಲ್ಲ ಸರಿ. ಯಾರಿಗೂ ಹೇಳಲಿಲ್ಲ. ಹೋಟೆಲಿನವರಿಗೆ ಕಾಯಿಲೆ ಬೀಳುವಷ್ಟು ಪುರುಸೊತ್ತು ಎಲ್ಲಿಂದ ಬಂತು ಎಂದು ನನ್ನನ್ನು ನಾನೇ ತಮಾಷೆ ಮಾಡಿಕೊಂಡೆ. ಒಳಗೊಳಗೆ ಹೆದರಿ ಸಾಯುತ್ತಿದ್ದೆ.

ಇದನ್ನೆಲ್ಲ ಬರೆಯಬೇಕೆಂದು ಅನಿಸಿದ್ದು ಇತ್ತೀಚೆಗೆ. ವರ್ಷಕ್ಕೊಮ್ಮೆ ಸ್ಕ್ಯಾನಿಗೆಂದು ಅಹಮದಾಬಾದಿಗೆ ಹೋಗುತ್ತೇನೆ. ಈ ಸಲ ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಮತ್ತು ಮಗಳು ಕೂತಿದ್ದರು. ಡಾಕ್ಟರ ಎದುರು ಏನೇನು ಬಾಯಿಬಿಡಬಾರದು ಎಂದು ತಾಯಿ ಮಗಳಿಗೆ ಮೆಲ್ಲಗೆ ಪಾಠ ಮಾಡುತ್ತಿದ್ದಳು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಅವರ ಸರದಿ ಬಂದು ಅವರು ಎದ್ದು ಹೋದರು. ಆ ತಾಯಿಗೆ ಹೇಳಲು ಆಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪನಿಗೆ ನಾವಿಬ್ಬರೇ ಮಕ್ಕಳು, ಹತ್ತು ನಿಮಿಷದ ಅಂತರದಲ್ಲಿ ಹುಟ್ಟಿದ ಅವಳಿಗಳು. ವನಜ ಮೊದಲು, ನಾನು ಜಲಜ ಆಮೇಲೆ. ಅಮ್ಮ ನಮ್ಮ ಹದಿನಾಲ್ಕನೇ ವರ್ಷದಲ್ಲಿ ತೀರಿಕೊಂಡರು. ಇಬ್ಬರೂ ಅಚ್ಚು ಹೊಯ್ದ ಹಾಗೆ ಒಂದೇ. ವ್ಯತ್ಯಾಸ ಒಂದೇ ಒಂದು, ವನಜ ಬಲಗೈಯವಳು, ನಾನು ಎಡಗೈಯವಳು. ಆದರೆ ನಮ್ಮ ಮನೆಯಲ್ಲಿ ಹಾಗೆ ಹೇಳುವಂತಿರಲಿಲ್ಲ. ನನಗೆ ಎಡಗೈಯ ಅಭ್ಯಾಸ ಇತ್ತು, ಅದನ್ನು ಬಿಡಿಸಿ ಆಗಿತ್ತು. ಮಕ್ಕಳಿಗೆ ಬೆರಳು ಚೀಪುವುದನ್ನು ಬಿಡಿಸುತ್ತಾರಲ್ಲ, ಹಾಗೆ.

ಅಪ್ಪ ಕೆಟ್ಟವರಲ್ಲ. ನನಗೆ ಆರು ವರ್ಷವಿರುವಾಗ ಆಟಕ್ಕೆಂದು ಒಬ್ಬ ಗಿರಾಕಿಯ ಎದುರು ಎಡಗೈಯಲ್ಲಿ ಇಡ್ಲಿ ಪ್ಲೇಟು ಇಟ್ಟಿದ್ದೆ. ಅವನು ಪ್ಲೇಟು ದೂಡಿ ಎದ್ದುಹೋದ. ಅವನ ಹಿಂದೆ ಆ ಮೇಜಿನವರೆಲ್ಲ ಎದ್ದರು. ಊರು ಬಿಟ್ಟು ಬಂದು, ಭಾಷೆ ಬಾರದ ಜಾಗದಲ್ಲಿ ಆಗಷ್ಟೇ ಹೋಟೆಲು ಇಟ್ಟ ಮನುಷ್ಯ ಅಪ್ಪ. ಖಾಲಿಯಾದ ಆ ಮೇಜನ್ನು ನೋಡಿ ಅವರ ಮುಖ ಹೇಗಾಗಿತ್ತೆಂದು ನನಗೆ ಈಗಲೂ ನೆನಪಿದೆ. ಆವತ್ತಿನಿಂದ ಊಟಕ್ಕೆ ಕೂತಾಗ ನನ್ನ ಎಡಗೈಯನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟುತ್ತಿದ್ದರು. ಕಾವಲಿಗೆ ವನಜ. ನನ್ನ ಎಡಗೈ ಮುಂದೆ ಬಂದ ಕೂಡಲೇ "ಅಪ್ಪಾ, ಕೈ!" ಎಂದು ಅವಳು ಕೂಗಬೇಕು. ಕೂಗಿದ್ದಕ್ಕೆ ಗಾಜಿನ ಕಪಾಟಿನಿಂದ ಒಂದು ತುಂಡು ಹಲ್ವ. ಎರಡು ವರ್ಷದೊಳಗೆ ನಾನು ಬಲಗೈಯಲ್ಲಿ ಉಣ್ಣಲು, ಬರೆಯಲು, ಬಡಿಸಲು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ ಎಡಗೈಯ ವಿಷಯ ನನಗೇ ಮರೆತುಹೋಯಿತು.

ವನಜನಿಗೆ ಮೊದಲು ಮದುವೆಯಾಯಿತು. ಭಾವನಿಗೆ ಎಣ್ಣೆ ಕಂಪನಿಯಲ್ಲಿ ಕೆಲಸ, ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಮನೆ. ನನಗೆ ಸೂರತ್ತಿನ ಸಂಬಂಧ ಬಂತು. ವರಾಛಾದಲ್ಲಿ ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ ಹೋಟೆಲು ಇಟ್ಟುಕೊಂಡಿದ್ದ ನಮ್ಮ ಕಡೆಯವರೇ. ನೋಡಲು ಬಂದ ದಿನ ಹುಡುಗನ ಅತ್ತೆ ಉಪ್ಪಿಟ್ಟು ತಿನ್ನುತ್ತಾ ಕೇಳಿದರು, "ಅವಳಿಗಳಲ್ಲಿ ಒಂದು ಎಡಚಿಯಂತೆ. ಯಾವುದು, ಇದಾ ಅದಾ?"

ಅಪ್ಪ ದೇವರ ಪಟದ ಕಡೆ ಕೈ ತೋರಿಸಿ, "ನಮ್ಮಲ್ಲಿ ಎಡಗೈ ಅಂತ ಇಲ್ಲವೇ ಇಲ್ಲ ಅಮ್ಮಾ. ಎಲ್ಲ ಬಲಗೈಯೇ. ಬೇಕಾದ್ರೆ ದೇವರಾಣೆ" ಎಂದರು. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಅವರ ಮುಖದಲ್ಲಿ ಇರಲಿಲ್ಲ. ನನ್ನ ಮನಸ್ಸಿನಲ್ಲೂ ಇರಲಿಲ್ಲ.

ನಿಶ್ಚಿತಾರ್ಥವಾಗಿ ನಾಲ್ಕು ತಿಂಗಳಿಗೆ, ಪಾಳಿ ಬಿಡುವ ಹೊತ್ತಿನಲ್ಲೇ, ಕೌಂಟರಿನ ಹಿಂದೆ ಬಿದ್ದೆ. ಎಚ್ಚರವಾದಾಗ ಮೂಗಿನ ಹತ್ತಿರ ಯಾರೋ ಈರುಳ್ಳಿ ಹಿಡಿದಿದ್ದರು, ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕಿದ್ದರು, ಮೇಲಿನಿಂದ ಐವತ್ತು ಮುಖಗಳು ಬಾಗಿ ನೋಡುತ್ತಿದ್ದವು. ಸೀರೆ ಒದ್ದೆಯಾಗಿತ್ತು. ನಾಲಗೆ ಕಚ್ಚಿಕೊಂಡು ಬಾಯಿತುಂಬ ರಕ್ತ. ಅಪ್ಪ ಎಲ್ಲರನ್ನೂ ಹೊರಗೆ ಕಳಿಸಿ ಶಟರ್ ಎಳೆದರು. "ಎಂತ ಆಯ್ತು ಮಗಾ, ಮಾತಾಡು, ಎಂತಾದರೂ ಮಾತಾಡು" ಎಂದು ಭುಜ ಹಿಡಿದು ಅಲ್ಲಾಡಿಸಿದರು. ನನಗೆ ಎಲ್ಲ ಕೇಳಿಸುತ್ತಿತ್ತು. ಅರ್ಧ ಗಂಟೆ ಒಂದು ಶಬ್ದವೂ ಹೊರಡಲಿಲ್ಲ.

ವಡೋದರಾದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಫಿಲ್ಮನ್ನು ಬೆಳಕಿಗೆ ಹಿಡಿದು, ತಡ ಮಾಡದೆ ಅಹಮದಾಬಾದಿಗೆ ಹೋಗಿ ಎಂದರು. ಬಲಗಡೆಯ ಕಿವಿಯ ಮೇಲೆ, ಮೆದುಳಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಸೂರತ್ತಿಗೆ ಅಪ್ಪ ಫೋನು ಮಾಡಿ, ಹುಡುಗಿಗೆ ಸ್ವಲ್ಪ ತಲೆನೋವು, ಮುಹೂರ್ತ ಮುಂದೆ ಹಾಕುವ ಎಂದರು.

ಆ ಆಸ್ಪತ್ರೆಯ ಹೊರಾಂಗಣದ ಬೆಂಚುಗಳು ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತವೆ. ತಲೆಗೆ ಬಿಳಿ ಪಟ್ಟಿ ಸುತ್ತಿದವರು, ಬಾಯಿ ಒಂದು ಕಡೆಗೆ ಎಳೆದವರು, ಮಗುವಿನ ಹಾಗೆ ಗಂಡನ ಕೈ ಹಿಡಿದ ಮುದುಕಿ. ಒಬ್ಬ ಗಂಡಸು ತನ್ನ ಹೆಂಡತಿಗೆ "ಪಾಣಿ", ಅಂದರೆ ನೀರು, ಎಂಬ ಒಂದೇ ಮಾತನ್ನು ಹೇಳಿಕೊಡುತ್ತಿದ್ದ. ಅವಳು "ಪ, ಪ, ಪ" ಎನ್ನುತ್ತಿದ್ದಳು. ಮೂರು ಗಂಟೆ ಕಾದೆವು. ಮೂರು ಗಂಟೆಯೂ ಅವನು ನಿಲ್ಲಿಸಲಿಲ್ಲ. ನಾನು ಆಚೆ ಮುಖ ತಿರುಗಿಸಿ ಕೂತೆ. ನನಗೆ ಹಾಗಾಗುವುದಕ್ಕಿಂತ ಸಾಯುವುದು ಮೇಲು ಎಂದು ನಾನು ವನಜನಿಗೆ ಹೇಳಿದೆ. "ಬಾಯ್ಮುಚ್ಚು ಮಾರಾಯ್ತಿ" ಎಂದು ಅವಳು ನನ್ನ ತೊಡೆ ಚಿವುಟಿದಳು.

ಒಳಗೆ ಕಿರಿಯ ಡಾಕ್ಟರು, ನಮ್ಮದೇ ವಯಸ್ಸಿನ ಹೆಣ್ಣುಮಗಳು, ಒಂದು ಫಾರಂ ತುಂಬುತ್ತಿದ್ದರು. ವಯಸ್ಸು, ಫಿಟ್ಸ್ ಎಷ್ಟು ಸಲ, ಫಿಟ್ಸ್ ಹೋದ ಮೇಲೆ ಮಾತು ಯಾವಾಗ ಬರುತ್ತದೆ, ಮಾತ್ರೆ ಯಾವುದು. ನನ್ನನ್ನು ನೋಡಿ ಕೇಳುತ್ತಿದ್ದರು, ಉತ್ತರ ಅಪ್ಪನಿಂದ ಬರುತ್ತಿತ್ತು. ಕೌಂಟರಿನಲ್ಲೂ ಹಾಗೆಯೇ, ನನ್ನ ಹತ್ತಿರ ಕೇಳಿದ್ದಕ್ಕೆಲ್ಲ ಒಳಗಿನಿಂದ ಅಪ್ಪ ಕೂಗಿ ಉತ್ತರಿಸುವುದು ರೂಢಿ. ಕೊನೆಗೆ, "ಬಲಗೈಯವರೋ, ಎಡಗೈಯವರೋ?" ಎಂದರು.

"ಬಲಗೈ ಮೇಡಂ. ಎಲ್ಲ ಬಲಗೈಯೇ" ಎಂದರು ಅಪ್ಪ. ಸೂರತ್ತಿನವರಿಗೆ ಹೇಳಿದ ಅದೇ ಧಾಟಿ. ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿ ಹೌದೆಂದೆ. ಆ ಫಾರಮಿಗೆ ಸಹಿ ಹಾಕಿದ್ದೂ ಬಲಗೈಯಲ್ಲೇ. ವನಜ ಆಗ ಹೊರಗೆ ಚೀಲ ಕಾಯುತ್ತಾ ಕೂತಿದ್ದಳು.

ದೊಡ್ಡ ಡಾಕ್ಟರು ಫಿಲ್ಮು ನೋಡಿ, ಫಾರಂ ನೋಡಿ, ಮುಗುಳ್ನಕ್ಕರು. "ಅದೃಷ್ಟವಂತೆ. ಬಲಗೈಯವರಿಗೆ ಮಾತು ಸಾಮಾನ್ಯವಾಗಿ ಮೆದುಳಿನ ಎಡಗಡೆ ಇರುತ್ತದೆ. ನಿಮ್ಮ ಗಂಟು ಬಲಗಡೆ. ಧೈರ್ಯವಾಗಿ ಪೂರ್ತಿ ತೆಗೆಯಬಹುದು." ಅಪ್ಪ ಅವರ ಕಾಲು ಮುಟ್ಟಲು ಹೋದರು. ನಾನು ಆ ದಿನ ಚಾಂದ್‌ಖೇಡಾಕ್ಕೆ ಹೋಗುವ ದಾರಿಯುದ್ದಕ್ಕೂ ಸ್ಕೂಟರ್ ರಿಕ್ಷಾದಲ್ಲಿ ಅತ್ತೆ. ನಾಲ್ಕು ತಿಂಗಳ ಮೇಲೆ ಮೊದಲ ಸಲ ಬದುಕುತ್ತೇನೆ ಅನಿಸಿತ್ತು.

ಆಪರೇಷನ್ನಿಗೆ ಎರಡು ದಿನ ಮೊದಲು ಸೇರಿಸಿಕೊಂಡರು. ಮರುದಿನ ಮಧ್ಯಾಹ್ನ ಮತ್ತೆ ಫಿಟ್ಸ್ ಬಂತು. ಹಾಸಿಗೆ ಒದ್ದೆ. ಚಾದರ ಮನೆಯಿಂದ ತಂದದ್ದು, ದಪ್ಪ ಖಾದಿಯದು. ನನಗೆ ಸ್ವಲ್ಪ ಸುಧಾರಿಸಿದ ಮೇಲೆ ವನಜ ಅದನ್ನು ವಾರ್ಡಿನ ಬಚ್ಚಲಿನಲ್ಲಿ ಒಗೆದಳು. ಆಯಾಳ ಕೈಗೆ ಕೊಡಲು ನನಗೆ ನಾಚಿಕೆ ಎಂದು ಅವಳಿಗೆ ಹೇಳದೆಯೇ ಗೊತ್ತಿತ್ತು. "ಒಬ್ಬಳಿಗೆ ಹಿಂಡ್ಲಿಕ್ಕೆ ಆಗುದಿಲ್ಲ, ನೀನೊಂದು ತುದಿ ಹಿಡಿ" ಎಂದಳು. ಎದುರೆದುರು ನಿಂತು ತಿರುವಿದೆವು. ಚಾದರ ಹಗ್ಗದ ಹಾಗೆ ಹುರಿಗೊಳ್ಳಬೇಕಿತ್ತು. ಅದು ಹುರಿಗೊಳ್ಳಲೇ ಇಲ್ಲ. ನಮ್ಮಿಬ್ಬರ ನಡುವೆ ಸುಮ್ಮನೆ ಉರುಳುತ್ತಾ ನಿಂತಿತು. ನಾನು ತಿರುವಿದ್ದೆಲ್ಲ ಅವಳ ಕಡೆಯಿಂದ ಬಿಚ್ಚಿಹೋಗುತ್ತಿತ್ತು.

ಇಬ್ಬರಿಗೂ ನಗು ಬಂತು. ಚಿಕ್ಕಂದಿನಿಂದ ನಮಗೆ ಇದೊಂದು ಆಗುತ್ತಿರಲಿಲ್ಲ. ಹೋಟೆಲಿನ ಮೇಜಿನ ಬಟ್ಟೆ ನಮ್ಮಿಬ್ಬರ ಕೈಗೆ ಕೊಟ್ಟರೆ ನೀರು ಬೀಳುವುದಿಲ್ಲ ಎಂದು ಅಮ್ಮ ಬೈಯುತ್ತಿದ್ದರು. ಬೇರೆ ಯಾರ ಜೊತೆ ಹಿಂಡಿದರೂ ವನಜನಿಗೆ ಸರಿಯಾಗುತ್ತಿತ್ತು. ನನ್ನ ಜೊತೆ ಮಾತ್ರ ಇಲ್ಲ. ಉಣ್ಣುವುದು, ಬರೆಯುವುದು ಎಲ್ಲ ಅಪ್ಪನ ಕಣ್ಣೆದುರು ನಡೆಯುವ ಕೆಲಸ. ಬಚ್ಚಲಿನಲ್ಲಿ ಬಟ್ಟೆ ಹಿಂಡುವುದನ್ನು ಯಾರೂ ತಿದ್ದಿರಲಿಲ್ಲ, ಅಲ್ಲಿ ನನ್ನ ಕೈ ಎಡಚರ ಹಾಗೆ ಉಲ್ಟಾ ತಿರುವುತ್ತಿತ್ತು.

ವನಜನ ನಗು ತಟ್ಟನೆ ನಿಂತಿತು. "ಜಲಜಾ, ನಿನ್ನದು ಎಡಗೈ ಅಂತ ಇವರಿಗೆ ಹೇಳಿದ್ದೀಯಾ?"

"ಅದೆಂತ ಹೇಳ್ಲಿಕ್ಕೆ? ಅದು ಹೋಗಿ ಇಪ್ಪತ್ತು ವರ್ಷ ಆಯ್ತು."

"ಹೋಗಿದ್ರೆ ಇದು ಹಿಂಡಬೇಕಿತ್ತಲ್ಲ?"

ಚಾದರದ ತುದಿ ನನ್ನ ಕೈಯಿಂದ ಜಾರಿತು. ಬಲಗೈಯವರಿಗೆ ಮಾತು ಎಡಗಡೆ ಎಂದು ದೊಡ್ಡ ಡಾಕ್ಟರು ಹೇಳಿದ್ದರಲ್ಲ. ಹಾಗಾದರೆ ನನ್ನಂಥವಳಿಗೆ? ಬೆಂಚಿನಲ್ಲಿ "ಪ, ಪ, ಪ" ಎನ್ನುತ್ತಿದ್ದ ಹೆಂಗಸು ಕಣ್ಣೆದುರು ಬಂದಳು. ಆದರೆ ನನ್ನ ಬಾಯಿಂದ ಹೊರಟದ್ದು ಬೇರೆಯೇ. "ಸುಮ್ಮನಿರು. ನಾಳೆ ಆಪರೇಷನ್ ಉಂಟು. ಅದೊಂದು ಆಗಿ ಹೋಗಲಿ. ಇದು ನನ್ನ ತಲೆಯಿಂದ ಹೊರಗೆ ಬಂದ್ರೆ ಸಾಕು. ಅಪ್ಪ ಆಣೆ ಹಾಕಿದ್ದಾರೆ, ಗೊತ್ತುಂಟಲ್ಲ?"

"ನಾನು ಹೇಳ್ತೇನೆ."

"ಹೇಳು. ಹೇಳಿದ್ದಕ್ಕೆ ಈಗಲೂ ಹಲ್ವ ಸಿಗ್ತದಾ ನೋಡು."

ಅಂಥ ಮಾತು ಆಡಬಾರದಿತ್ತು. ಅವಳ ಮುಖ, ಅಂದರೆ ನನ್ನದೇ ಮುಖ, ಬಿಳಿಚಿಕೊಂಡಿತು. ಒದ್ದೆ ಚಾದರವನ್ನು ಬಕೆಟಿಗೆ ಹಾಕಿ, ಬಕೆಟನ್ನೇ ಎತ್ತಿಕೊಂಡು ಹೊರಟಳು. ನಾನು ಗೋಡೆ ಹಿಡಿದುಕೊಂಡು ಹಿಂದೆ ಹೋದೆ.

ದೊಡ್ಡ ಡಾಕ್ಟರು ಕೋಣೆಯಲ್ಲಿದ್ದರು. ಅಪ್ಪನೂ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಲು ಅಲ್ಲಿಯೇ ಇದ್ದರು. ವನಜ ಅರ್ಧ ಹಿಂದಿ, ಅರ್ಧ ಗುಜರಾತಿಯಲ್ಲಿ ಎಲ್ಲ ಹೇಳಿದಳು. ನಾನು ಹುಟ್ಟಿನಿಂದ ಡಾಬೋಡಿ, ಅಂದರೆ ಎಡಚಿ ಎಂದೂ, ಕೈ ಕಟ್ಟಿ ಅಭ್ಯಾಸ ಬಿಡಿಸಿದ್ದೆಂದೂ, ಕಾವಲಿದ್ದವಳು ತಾನೇ ಎಂದೂ ಹೇಳಿದಳು.

"ಅದೆಲ್ಲ ಚಿಕ್ಕ ಮಕ್ಕಳ ಕತೆ ಸಾಹೇಬ್" ಎಂದು ಅಪ್ಪ ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ನಾನೇ ಸರಿ ಮಾಡಿದ್ದೇನೆ. ಒಂದು ಪ್ಲೇಟು ಇಡ್ಲಿ ತರಿಸಿ, ಯಾವ ಕೈಯಲ್ಲಿ ತಿಂತಾಳೆ ನೀವೇ ನೋಡಿ. ಬರೆಯೇ ಜಲಜಾ, ಬರೆದು ತೋರಿಸು." ನನ್ನ ಕೈಗೆ ಪೆನ್ನು ಕೊಟ್ಟರು. ಪರೀಕ್ಷೆಗೆ ಕೂತ ಮಗುವಿನ ಹಾಗೆ ನಾನು ಬಲಗೈಯಲ್ಲಿ ನನ್ನ ಹೆಸರು ಬರೆದೆ. ಅಕ್ಷರ ಮುತ್ತಿನ ಹಾಗೆ ಬಂತು. ಅಪ್ಪ ಕಾಗದ ಎತ್ತಿ ಡಾಕ್ಟರಿಗೆ ಹಿಡಿದರು.

ವನಜ ಬಕೆಟಿನಿಂದ ಚಾದರ ತೆಗೆದಳು. ಅಷ್ಟು ದೊಡ್ಡ ಡಾಕ್ಟರ ಕೋಣೆಯ ನೆಲಕ್ಕೆ ನೀರು ಸುರಿಯಿತು. ಒಂದು ತುದಿ ಕಿರಿಯ ಡಾಕ್ಟರ ಕೈಗೆ ಕೊಟ್ಟು ತಿರುವಿದಳು. ಚಾದರ ಹುರಿಗೊಂಡು ಧಾರಾಕಾರ ನೀರು ಬಿತ್ತು. ಆಮೇಲೆ ಆ ತುದಿಯನ್ನು ನನ್ನ ಕೈಗೆ ಕೊಟ್ಟಳು. ಹುರಿ ಬಿಚ್ಚಿಹೋಯಿತು, ಒಂದು ಹನಿಯೂ ಬೀಳಲಿಲ್ಲ. ದೊಡ್ಡ ಡಾಕ್ಟರು ಮೂರು ಸಲ ಮಾಡಿಸಿದರು. ಮೂರನೇ ಸಲ ತಾವೇ ಎದ್ದು ಬಂದು ನನ್ನ ಎದುರಿನ ತುದಿ ಹಿಡಿದರು. ಆಗಲೂ ಅಷ್ಟೇ.

ಅವರು ಅಪ್ಪನ ಪಕ್ಕ ಕೂತು ಮೆಲ್ಲಗೆ ಕೇಳಿದರು, "ಕಾಕಾ, ಫಿಟ್ಸ್ ಬಂದು ಹೋದ ಮೇಲೆ ಇವಳು ಎಷ್ಟು ಹೊತ್ತಿಗೆ ಮಾತಾಡುತ್ತಾಳೆ?"

ಅಪ್ಪ ನೆಲದ ಮೇಲಿನ ನೀರು ನೋಡುತ್ತಾ, "ಅರ್ಧ ಗಂಟೆ ಆಗ್ತದೆ" ಎಂದರು. "ಫಾರಮಿನಲ್ಲಿ ಕೂಡಲೇ ಮಾತಾಡ್ತಾಳೆ ಅಂತ ನಾನು ಹೇಳಿದ್ದು ಸುಳ್ಳು."

ಚಾದರದಿಂದಲೇ ಏನೂ ತೀರ್ಮಾನಿಸಲು ಬಾರದು, ಪರೀಕ್ಷೆ ಮಾಡಬೇಕು ಎಂದರು ಡಾಕ್ಟರು. ಮರುದಿನದ ಆಪರೇಷನ್ ನಿಂತುಹೋಯಿತು. ಆ ರಾತ್ರಿಯೆಲ್ಲ ನಾನು ವನಜನನ್ನು ಮನಸ್ಸಿನೊಳಗೆ ಶಪಿಸಿದೆ. ಗಂಟು ತಲೆಯೊಳಗೆ ಹಾಗೇ ಇತ್ತು, ಆಸೆಯೊಂದು ಹೋಗಿತ್ತು.

ಪರೀಕ್ಷೆಗೆ ಎಂಟು ದಿನ ಕಾಯಿಸಿದರು. ಔಷಧ ಎಲ್ಲಿಂದಲೋ ತರಿಸಬೇಕಾಗಿತ್ತಂತೆ. ತೊಡೆಯಿಂದ ತೆಳ್ಳಗಿನ ನಳಿಗೆ ಹಾಕಿ, ಕುತ್ತಿಗೆಯ ರಕ್ತನಾಳದವರೆಗೆ ತಂದು, ಅದರ ಮೂಲಕ ಮೆದುಳಿನ ಬಲ ಅರ್ಧವನ್ನು ಕೆಲವೇ ನಿಮಿಷ ಮಲಗಿಸುತ್ತಾರೆ. ಆಗ ಮಾತು ಉಳಿದರೆ ಮಾತು ಎಡಗಡೆ ಇದೆ. ಹೋದರೆ, ಇಲ್ಲೇ ಇದೆ. ಮಾತಾಡಿಸಲು ಮಾತೃಭಾಷೆ ಬಲ್ಲವರು ಬೇಕು ಎಂದು ವನಜನನ್ನೇ ಎಕ್ಸ್‌ರೇ ತಡೆಯುವ ಭಾರದ ಏಪ್ರನ್ ತೊಡಿಸಿ ಒಳಗೆ ಕರೆದರು. ಅಷ್ಟು ದಿನ ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಎರಡೂ ಕೈ ಮೇಲೆತ್ತಿ ಎಣಿಸಲು ಹೇಳಿದರು. ಒಂದು, ಎರಡು, ಮೂರು ಎಂದು ಹನ್ನೊಂದರವರೆಗೆ ಹೋದೆ. ಎಡಗೈ ತೊಪ್ಪೆಂದು ಬಿತ್ತು. ಹನ್ನೆರಡು ಬರಲಿಲ್ಲ.

ವನಜ ಒಂದು ಚಮಚ ಹಿಡಿದು, "ಇದೆಂತದು?" ಎಂದಳು. ಅದನ್ನು ದಿನಕ್ಕೆ ಸಾವಿರ ಸಲ ಒರೆಸುವವಳು ನಾನು. ಅದೇನೆಂದು ಗೊತ್ತಿತ್ತು. ಹೆಸರು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. "ನಾನ್ಯಾರು ಹೇಳು, ಜಲಜಾ. ನಾನ್ಯಾರು?" ಎಂದು ಅವಳು ಬಾಗಿದಳು. ನನ್ನದೇ ಕಣ್ಣು, ನನ್ನದೇ ಮೂಗು, ಅಳುತ್ತಿದೆ. ನನ್ನ ತುಟಿ ಅಲ್ಲಾಡಿತು, ಸ್ವರ ಹೊರಡಲಿಲ್ಲ. ನನಗೆ ನೆನಪಿರುವುದು ಅಷ್ಟೇ. ನೀರಿನಡಿ ಸಿಕ್ಕಿಬಿದ್ದವರಿಗೆ ಆಗುವ ಗಾಬರಿ ಅದು. ಎಷ್ಟೋ ಹೊತ್ತಿನ ಮೇಲೆ, ಅವಳು ಚಮಚ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿರುವಾಗ ನಾನು "ಚಮಚ" ಎಂದೆನಂತೆ.

"ಜಲಜಾಬೆನ್, ನಿಮ್ಮ ಮಾತು ಬಲಗಡೆ ಇದೆ" ಎಂದರು ದೊಡ್ಡ ಡಾಕ್ಟರು. "ಗಂಟಿನ ಹಿಂದುಗಡೆಗೇ. ಪೂರ್ತಿ ತೆಗೆದರೆ ಮಾತು ಹೋಗಬಹುದು. ಹಿಂದಿನ ಭಾಗ ಬಿಟ್ಟು ತೆಗೆದರೆ ಮಾತು ಉಳಿಯಬಹುದು. ಬಿಟ್ಟದ್ದು ಮುಂದೆ ಬೆಳೆಯಬಹುದು." ಎಲ್ಲದಕ್ಕೂ "ಬಹುದು" ಎಂದರು. ನನಗೆ ಆ ಮನುಷ್ಯನ ಕತ್ತು ಹಿಸುಕಬೇಕು ಅನಿಸಿತು.

ಅಪ್ಪ ತಕ್ಷಣ, "ಪೂರ್ತಿ ತೆಗೆಯಿರಿ" ಎಂದರು. ನನ್ನ ಕಡೆ ತಿರುಗಿ, "ಬೇರು ಬಿಟ್ರೆ ಮತ್ತೆ ಚಿಗುರ್ತದೆ ಮಗಾ. ಜೀವ ಉಳಿದ್ರೆ ಸಾಕು. ಮಾತು ಎಂತಕ್ಕೆ ನಿನಗೆ? ಮಾತಾಡ್ಲಿಕ್ಕೆ ನಾನಿಲ್ವಾ?"

ಆ ಮಾತನ್ನು ಅವರು ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನನಗೆ ತಡೆಯಲಾಗಲಿಲ್ಲ. "ಬೇಡ" ಎಂದೆ. ಗುಜರಾತಿಯಲ್ಲಿ ಡಾಕ್ಟರಿಗೇ ಹೇಳಿದೆ, "ಹಿಂದಿನದ್ದು ಬಿಡಿ. ಎಷ್ಟು ದಿನ ಇರುತ್ತೇನೋ ಅಷ್ಟು ದಿನ ಮಾತಾಡಿಕೊಂಡು ಇರುತ್ತೇನೆ." ಹೇಳುವಾಗ ಧೈರ್ಯ ಇತ್ತು. ಕೋಣೆಯಿಂದ ಹೊರಗೆ ಬಂದ ಮೇಲೆ ಮೆಟ್ಟಿಲಿನ ಮೇಲೆ ಕೂತೆ. ಸಾವನ್ನು ನಾನೇ ಕೈಯಾರೆ ಇಟ್ಟುಕೊಂಡೆನಲ್ಲ ಅನಿಸಿತು. ವನಜ ಪಕ್ಕದಲ್ಲಿ ಕೂತು ನನ್ನ ತಲೆಗೂದಲನ್ನು ಸುಮ್ಮನೆ ಹೆಣೆದಳು. ಮರುದಿನ ಅದನ್ನೆಲ್ಲ ಬೋಳಿಸುವವರಿದ್ದರು.

ಆ ಸಂಜೆ ಅಪ್ಪ ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ಸೂರತ್ತಿಗೆ ಫೋನು ಮಾಡಿ, ಗಂಟಿನ ವಿಷಯ, ಎಡಗೈಯ ವಿಷಯ ಎರಡನ್ನೂ ತಾವೇ ಹೇಳಿದರು. ಆಚೆಯಿಂದ ಏನು ಬಂತೋ ಗೊತ್ತಿಲ್ಲ. ಬೂತಿನ ಗಾಜಿನೊಳಗೆ ಅವರು ಬಹಳ ಹೊತ್ತು "ಹೌದು, ಹೌದು, ಆಣೆ ಹಾಕಿದ್ದೆ" ಎನ್ನುತ್ತಾ ನಿಂತಿದ್ದನ್ನು ವನಜ ನೋಡಿದಳಂತೆ. ಆ ಸಂಬಂಧ ಅಲ್ಲಿಗೆ ಮುಗಿಯಿತು.

ಆಪರೇಷನ್ ಆರು ಗಂಟೆ ನಡೆಯಿತು. ಎಚ್ಚರವಾದಾಗ ತಲೆಯ ಮೇಲೆ ಬಂಡೆ ಇಟ್ಟ ಹಾಗೆ ನೋವು. ದೊಡ್ಡ ಡಾಕ್ಟರು, "ಹೆಸರೇನು?" ಎಂದರು. ನಾನು ಬಾಯಿ ತೆರೆದೆ. ಏನೂ ಇಲ್ಲ. ಮತ್ತೆ ತೆರೆದೆ. ಗಾಳಿ ಬಂತು.

ಊತ ಇದೆ, ಇಳಿದ ಮೇಲೆ ನೋಡೋಣ ಎಂದರು. ಯಾವಾಗ ಇಳಿಯುತ್ತದೆ ಎಂದು ನನಗೆ ಕೇಳಲು ಬರುವಂತಿರಲಿಲ್ಲ. ಎರಡನೇ ದಿನ, ಮೂರನೇ ದಿನ, ಐದನೇ ದಿನ. ಗಂಟೂ ಉಳಿಯಿತು, ಮಾತೂ ಹೋಯಿತು. ಎರಡೂ ಕಡೆ ಸೋಲುವ ಜಾಣತನ ನನ್ನದೇ. ಪೂರ್ತಿ ತೆಗೆಯಿರಿ ಎಂದ ಅಪ್ಪನೇ ಸರಿ ಇದ್ದರು ಎಂದು ದಿನಕ್ಕೆ ನೂರು ಸಲ ಅಂದುಕೊಂಡೆ. ಬರೆದು ಹೇಳಲು ಹೋದರೆ ಪೆನ್ನಿನ ತುದಿಯಲ್ಲೂ ಅಕ್ಷರ ಇರಲಿಲ್ಲ. ವನಜ ಬೆಳಿಗ್ಗೆ ಬಂದು ಗುಜರಾತಿ ಪೇಪರಿನ ಸೀರೆ ಜಾಹೀರಾತಿನವರೆಗೆ ಎಲ್ಲ ಓದಿ ಹೇಳುತ್ತಿದ್ದಳು. ಸಂಜೆ ತನ್ನ ಎಳೆ ಮಗುವಿಗಾಗಿ ಮನೆಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ನಾನು ಗೋಡೆ ಕಡೆ ತಿರುಗಿ, ದೇವರೇ, ಇವತ್ತೇ ಕರೆದುಕೊ ಎಂದು ಬೇಡುತ್ತಿದ್ದೆ. ಬೇಡುವುದಕ್ಕೂ ಮಾತಿರಲಿಲ್ಲ, ಬರೀ ಬೇಡುವುದಷ್ಟೇ ಇತ್ತು.

ಹಗಲೆಲ್ಲ ಅಪ್ಪ ಪಕ್ಕದಲ್ಲಿ. ನರ್ಸು ಬಂದು ಹಸಿವಾ ಎಂದರೆ ಅಪ್ಪನೇ ಹಸಿವಿಲ್ಲ ಎನ್ನುವರು. ಚಳಿಯಾ ಎಂದರೆ ಚಳಿ ಎನ್ನುವರು. ಕೆಲವು ಸಲ ಸರಿ ಇರುತ್ತಿತ್ತು, ಹೆಚ್ಚಿನ ಸಲ ತಪ್ಪು. ನನಗೆ ಹಸಿವಿರುತ್ತಿತ್ತು. ಸೆಕೆಯಾಗಿ ಬೆವರುತ್ತಿದ್ದರೆ ಮೇಲೆ ಇನ್ನೊಂದು ಕಂಬಳಿ ಬೀಳುತ್ತಿತ್ತು. ನೋವು ಎಂದರೆ ಇನ್ನೊಂದು ಸೂಜಿ ಚುಚ್ಚುತ್ತಾರೆಂದು ಅವರಿಗೆ ಸಂಕಟ, ಆದ್ದರಿಂದ ನೋವಿಲ್ಲ ಎಂದೇ ಹೇಳುವರು. ನನ್ನ ಉಳಿದ ಆಯುಷ್ಯವೆಲ್ಲ ಹೀಗೇ ಎಂದು ನನಗೆ ಆಗ ಅರ್ಥವಾಯಿತು. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದರೆ ಅದನ್ನೂ ಅಪ್ಪ ಒರೆಸಿ, "ಅಳ್ಬೇಡ ಮಗಾ, ಎಲ್ಲ ಸರಿ ಉಂಟು" ಎನ್ನುವರು.

ಹನ್ನೊಂದನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡಿಗೆ ಬಂದರು. ಪಟ್ಟಿ ಬಿಚ್ಚಿ ನೋಡಿದರು. ತಲೆ ಸಿಡಿದುಹೋಗುತ್ತಿತ್ತು. "ನೋವಿದೆಯಾ?" ಎಂದು ಕೇಳುತ್ತಾ, ಹನ್ನೊಂದು ದಿನದ ರೂಢಿಯಂತೆ ಅಪ್ಪನ ಕಡೆ ನೋಡಿದರು.

"ಇಲ್ಲ ಸಾಹೇಬ್, ನೋವಿಲ್ಲ, ಆರಾಮ ಇದ್ದಾಳೆ" ಎಂದರು ಅಪ್ಪ.

"ಉಂಟು."

ಯಾರು ಹೇಳಿದ್ದೆಂದು ನನಗೇ ತಿಳಿಯಲಿಲ್ಲ. ಒಡಕು ಸ್ವರ, ಯಾವುದೋ ಮುದುಕಿಯದು. ಡಾಕ್ಟರ ಕೈ ಪಟ್ಟಿಯ ಮೇಲೆ ಹಾಗೇ ನಿಂತಿತು. ಅವರಿಗೆ ಕನ್ನಡ ಬಾರದು. "ಕಾಕಾ, ಏನೆಂದಳು?"

"ಉಂಟು" ಎಂದೆ ನಾನು ಮತ್ತೆ, ಇನ್ನೂ ಜೋರಾಗಿ, "ನೋವು, ಉಂಟು." ಅಪ್ಪ ಮಂಚದ ಕಂಬಿ ಹಿಡಿದುಕೊಂಡರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನೋವು ಇದೆಯಂತೆ" ಎಂದು ಗುಜರಾತಿಯಲ್ಲಿ ಹೇಳಿದರು.

"ಎಲ್ಲಿ? ಹಿಂದುಗಡೆಯಾ, ಮುಂದುಗಡೆಯಾ?" ಎಂದು ಡಾಕ್ಟರು ಮತ್ತೆ ಅವರನ್ನೇ ಕೇಳಿದರು.

ಅಪ್ಪ ಏನೋ ಹೇಳಲು ಹೊರಟು, ತಡೆದು, ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ನನಗೆ ಗೊತ್ತಿಲ್ಲ ಸಾಹೇಬ್" ಎಂದರು. "ಅವಳನ್ನೇ ಕೇಳಿ."